ಸೇವಾಯಾತ್ರೆಯ ಬಿಡುವಿನಲ್ಲಿ ನೈರೋಬಿಯ ಜಿರಾಫ್ ಸೆಂಟರ್

ಕೋಲಾರದ ನಮ್ಮ ಸಭೆಯಂತೆ ಸುವಾರ್ತಾ ಸೇವೆಗೆಂದು ಕೀನ್ಯಾಕ್ಕೆ ಹೋಗುವವರು ನೈರೋಬಿಯ ಲಂಗಾಟಾದಲ್ಲಿರುವ ಜಿರಾಫ್ ಸೆಂಟರ್ ಅನ್ನು ತಪ್ಪದೆ ನೋಡಬೇಕು. ಅಳಿವಿನಂಚಿಗೆ ಸರಿದಿದ್ದ ರಾಥ್ಸ್‌ಚೈಲ್ಡ್ ಜಿರಾಫೆಗಳ ಸಂತತಿಯನ್ನು ಉಳಿಸಲು ಹುಟ್ಟಿಕೊಂಡ ಈ ಕೇಂದ್ರದ ಎತ್ತರದ ಅಟ್ಟಣೆಯ ಮೇಲೆ ನಿಂತರೆ ಜಿರಾಫೆಯ ಮುಖವು ನಮ್ಮ ಮುಖದ ಮಟ್ಟಕ್ಕೇ ಬರುತ್ತದೆ. ಅಂಗೈಯಲ್ಲಿಟ್ಟ ಮೇವಿನ ಗುಳಿಗೆಗಳನ್ನು ಅದು ತನ್ನ ನೀಲಿಗಪ್ಪು ಬಣ್ಣದ, ಒರಟಾದ ಉದ್ದ ನಾಲಿಗೆಯಿಂದ ಬಳಿದುಕೊಳ್ಳುವಾಗ ನಮ್ಮ ಗುಂಪಿನ ಹಿರಿಯರೂ ಮನಸಾರೆ ನಕ್ಕರು. ಸಿಬ್ಬಂದಿಯವರು ಪ್ರತಿಯೊಂದು ಪ್ರಶ್ನೆಗೂ ತಾಳ್ಮೆಯಿಂದ ಉತ್ತರಿಸಿದರು. ಮಧ್ಯಾಹ್ನ ಹೊರಗಡೆ ಉಂಡ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮತ್ತು ಸುಕುಮಾ ವಿಕಿ ಸೊಪ್ಪಿನ ಪಲ್ಯ ಮುದ್ದೆ ಉಂಡು ಬೆಳೆದ ನಮಗೆ ಬಹಳ ಹಿಡಿಸಿದವು. ಆದರೆ ಉಗಾಲಿಯನ್ನು ಮುದ್ದೆಯಂತೆ ನುಂಗದೆ ಅಗಿದು ತಿನ್ನಬೇಕು. ಮಸಾಯಿ ಮಾರುಕಟ್ಟೆಯ ಮಣಿಸರಗಳನ್ನು ನೋಡಲು ವಾಹನದವರು ಸಾಕಷ್ಟು ಸಮಯ ಕೊಡಲಿಲ್ಲವಾದ್ದರಿಂದ, ಮುಂದೆ ಹೋಗುವವರು ಅರ್ಧ ದಿನವನ್ನಾದರೂ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.