ಹಳೆಯ ಪಿಕಪ್ಪಿನ ಫ್ಯುಯೆಲ್ ಪಂಪು ಪರೀಕ್ಷೆ: ಮಲ್ಟಿಮೀಟರ್, ಗೇಜು, ಬಾಟಲಿ – ಯಾವುದು ಏನು ಹೇಳುತ್ತದೆ?

ಅಡಿಕೆ ಮೂಟೆ ಹೇರಿಕೊಂಡು ಕಾಸರಗೋಡಿನ ಚೆರ್ಕಳ–ಜಾಲ್ಸೂರು ರಸ್ತೆಯ ಏರು ಹತ್ತುವಾಗ ಹಳೆಯ ಪೆಟ್ರೋಲ್ ಗಾಡಿ ಮುಗ್ಗರಿಸುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸೋಲುತ್ತದೆ. ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಯಾಗಿ ಓಡುತ್ತದೆ. ಗ್ಯಾರೇಜಿಗೆ ಹೋದರೆ ಸಿಗುವ ಮೊದಲ ಉತ್ತರ: ಪಂಪು ಹೋಗಿದೆ, ಬದಲಾಯಿಸಿ. ಹಾಗೆ ತೆಗೆದು ಬಿಸಾಡಿದ ಪಂಪುಗಳನ್ನು ಬೆಂಚಿನ ಮೇಲಿಟ್ಟು ನೇರವಾಗಿ ಬ್ಯಾಟರಿ ಕೊಟ್ಟು ನೋಡಿದ್ದೇವೆ. ಚೆನ್ನಾಗಿಯೇ ಓಡುವ ಪಂಪುಗಳು ಅವುಗಳಲ್ಲಿ ಸಾಕಷ್ಟಿದ್ದವು. ದೋಷ ಇದ್ದದ್ದು ಪಂಪಿಗೆ ಹೋಗುವ ತಂತಿಯಲ್ಲಿ, ಅರ್ತಿಂಗಿನಲ್ಲಿ, ಇಲ್ಲವೇ ಫಿಲ್ಟರಿನಲ್ಲಿ.

ಇಲ್ಲಿ ಹೇಳುವುದು ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇರುವ, ಕಾರ್ಬ್ಯುರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಹಳೆಯ ಎಂಪಿಎಫ್‌ಐ ಗಾಡಿಗಳ ಬಗ್ಗೆ: ಸಾಮಾನು ಸಾಗಿಸುವ ಓಮ್ನಿ, ಹಿಂಭಾಗ ತೆರೆದು ಪಿಕಪ್ ಮಾಡಿಕೊಂಡ ಜಿಪ್ಸಿ, ಇಂಥವು. ಡೀಸೆಲ್ ಪಿಕಪ್ಪಿನ ಲೆಕ್ಕವೇ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಮೊದಲು ಎಚ್ಚರಿಕೆ. ಪೆಟ್ರೋಲ್ ಲೈನ್ ಬಿಚ್ಚುವ ಮೊದಲು ಒತ್ತಡ ಇಳಿಸಲೇಬೇಕು. ಪಂಪಿನ ಫ್ಯೂಸು ತೆಗೆದು, ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೆಲಸ ಬಯಲಲ್ಲೇ ಆಗಲಿ. ಮಳೆಗಾಲವೆಂದು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಪೆಟ್ರೋಲ್ ಲೈನಿಗೆ ಕೈ ಹಾಕಬೇಡಿ.

ಮಲ್ಟಿಮೀಟರ್

ನಮ್ಮ ಲೆಕ್ಕದಲ್ಲಿ ಮೂರರಲ್ಲಿ ಮೊದಲ ಸ್ಥಾನ ಇದಕ್ಕೇ. ಆದರೆ ಹೆಚ್ಚಿನವರು ಅಳೆಯುವ ರೀತಿಯೇ ತಪ್ಪು. ಪಂಪಿನ ಕನೆಕ್ಟರ್ ಬಿಚ್ಚಿ ಪ್ರೋಬ್ ಇಟ್ಟು, 12 ವೋಲ್ಟ್ ಬಂತು, ಕರೆಂಟ್ ಸರಿ ಇದೆ ಅನ್ನುತ್ತಾರೆ. ಒಂದೇ ಎಳೆ ತಾಮ್ರ ಉಳಿದ ತಂತಿಯಲ್ಲೂ ಮೀಟರಿಗೆ 12 ವೋಲ್ಟ್ ಕಾಣುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಪಂಪು 4ರಿಂದ 6 ಆಂಪಿಯರ್ ಎಳೆಯಲು ಹೊರಟಾಗ ಅದೇ ತಂತಿ ಕೈಕೊಡುತ್ತದೆ.

ಹಾಗಾಗಿ ಕನೆಕ್ಟರ್ ಜೋಡಿಸಿಟ್ಟು, ಪಂಪು ಓಡುತ್ತಿರುವಾಗಲೇ ಅಳೆಯಬೇಕು. ಕೆಂಪು ಪ್ರೋಬ್ ಬ್ಯಾಟರಿಯ ಪಾಸಿಟಿವಿಗೆ, ಕಪ್ಪು ಪ್ರೋಬ್ ಪಂಪಿನ ಪಾಸಿಟಿವ್ ಪಿನ್ನಿಗೆ, ಕನೆಕ್ಟರಿನ ಹಿಂದಿನಿಂದ ಚುಚ್ಚಿ. ಮೀಟರಿನಲ್ಲಿ 0.5 ವೋಲ್ಟಿಗಿಂತ ಕಡಿಮೆ ಬರಬೇಕು. ಆಮೇಲೆ ಪಂಪಿನ ನೆಗೆಟಿವ್ ಪಿನ್ನಿಗೂ ಬ್ಯಾಟರಿಯ ನೆಗೆಟಿವಿಗೂ ನಡುವೆ ಅಳೆಯಿರಿ, ಇಲ್ಲಿ 0.2 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತಿಂಗ್ ಕೆಟ್ಟಿದೆ. ಎಂಜಿನ್ ಐಡಲಿನಲ್ಲಿ ಓಡುತ್ತಿದ್ದರೆ ಬ್ಯಾಟರಿಯಲ್ಲಿ 14ರ ಆಸುಪಾಸು ಇರುತ್ತದೆ, ಪಂಪಿಗೆ 13ಕ್ಕಿಂತ ಹೆಚ್ಚು ಸಿಗಬೇಕು. 10.5 ಸಿಕ್ಕರೂ ಪಂಪು ತಿರುಗುತ್ತದೆ, ಸದ್ದೂ ಬರುತ್ತದೆ, ಆದರೆ ಏರಿನಲ್ಲಿ ಬೇಕಾದಷ್ಟು ಪೆಟ್ರೋಲ್ ಕೊಡುವುದಿಲ್ಲ.

ಎಂಜಿನ್ ಸ್ಟಾರ್ಟೇ ಆಗದಿದ್ದರೆ ಪಂಪಿನ ರಿಲೇ (ಪಂಪಿಗೆ ಕರೆಂಟು ಬಿಡುವ ವಿದ್ಯುತ್ ಸ್ವಿಚ್ಚು) ಕಿತ್ತು, ಅದರ ಸಾಕೆಟ್ಟಿನ 30 (ಬ್ಯಾಟರಿಯಿಂದ ಕರೆಂಟು ಬರುವುದು) ಮತ್ತು 87ನೇ (ಪಂಪಿಗೆ ಹೋಗುವುದು) ಕಿಂಡಿಗಳನ್ನು 15 ಆಂಪಿಯರ್ ಫ್ಯೂಸ್ ಇರುವ ತುಂಡು ತಂತಿಯಿಂದ ಜೋಡಿಸಿದರೆ ಪಂಪು ಓಡುತ್ತದೆ. ಹೀಗೆ ಜೋಡಿಸಿದಾಗ ವೋಲ್ಟೇಜ್ ಸರಿ ಬಂದು, ರಿಲೇ ಹಾಕಿದಾಗ ಕುಸಿದರೆ ರಿಲೇಯ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಎಂದೇ ಅರ್ಥ.

ನಮ್ಮ ಕರಾವಳಿಯಲ್ಲಿ ಈ ಪರೀಕ್ಷೆಗೆ ಹೆಚ್ಚು ಬೆಲೆ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ನಿಲ್ಲುವ ಗಾಡಿಯ ಟ್ಯಾಂಕ್ ಮೇಲಿನ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಕೂತಿರುತ್ತದೆ, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿರುತ್ತದೆ, ತಂತಿಯ ಇನ್ಸುಲೇಶನ್ ಅರ್ಧ ಇಂಚು ಸುಲಿದರೆ ಒಳಗಿನ ತಾಮ್ರ ಹೊಳಪಿಲ್ಲದೆ ಕಪ್ಪಾಗಿರುತ್ತದೆ. ಆ ಕಪ್ಪು ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಬೇಕು. ಬದಿಯಡ್ಕ, ಪೆರ್ಲದ ಒಳರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಅರ್ತಿಂಗ್ ಬೋಲ್ಟ್ ಕೆಂಪು ಮಣ್ಣಿನಡಿ ಹೂತು ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಲೋಹ ಕಾಣುವಷ್ಟು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ.

ಮಲ್ಟಿಮೀಟರಿನ ಮಿತಿಯೂ ಸ್ಪಷ್ಟ. ಪಂಪಿಗೆ ಸರಿಯಾದ ಕರೆಂಟು ಹೋಗುತ್ತಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಪಂಪು ಅದರಿಂದ ಏನು ಮಾಡುತ್ತಿದೆ ಎಂದು ತಿಳಿಯಲು ಗೇಜು ಬೇಕು.

ಪ್ರೆಶರ್ ಗೇಜು

ಫಿಲ್ಟರ್ ದಾಟಿದ ಮೇಲೆ, ಫ್ಯುಯೆಲ್ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಸೇರುವ ಮೊದಲು, ಟೀ ಜಾಯಿಂಟ್ ಹಾಕಿ ಗೇಜು ಕೂರಿಸಿ. ಈ ತರದ ಗಾಡಿಗಳಲ್ಲಿ ಸಾಮಾನ್ಯವಾಗಿ 2.5ರಿಂದ 3 ಬಾರ್ ಇರಬೇಕು. ನಿಮ್ಮ ಮಾದರಿಯ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲಿನಲ್ಲಿರುತ್ತದೆ. ಒತ್ತಡವನ್ನು ಮಿತಿಯಲ್ಲಿಟ್ಟು ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಐಡಲಿನಲ್ಲಿ ಸುಮಾರು ಅರ್ಧ ಬಾರ್ ಕಡಿಮೆ ತೋರಿಸುತ್ತದೆ, ಪೈಪ್ ಕಿತ್ತಾಗ ಏರುತ್ತದೆ. ಆ ಪೈಪಿನಲ್ಲಿ ಪೆಟ್ರೋಲ್ ಹನಿ ಕಂಡರೆ ರೆಗ್ಯುಲೇಟರಿನ ಡಯಾಫ್ರಮ್ ಹರಿದಿದೆ, ಮುಂದೆ ಹುಡುಕುವುದೇ ಬೇಡ.

ಗೇಜಿನ ನಿಜವಾದ ಶಕ್ತಿ ಎಂಜಿನ್ ನಿಲ್ಲಿಸಿದ ಮೇಲೆ ಗೊತ್ತಾಗುತ್ತದೆ. ಒತ್ತಡ ಕೆಲವು ನಿಮಿಷವಾದರೂ ನಿಲ್ಲಬೇಕು. ತಕ್ಷಣ ಸೊನ್ನೆಗೆ ಇಳಿದರೆ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ತುಂಬ ಹೊತ್ತು ಕ್ರ್ಯಾಂಕ್ ಮಾಡಬೇಕಾಗುತ್ತದೆ. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಮತ್ತೆ ಒತ್ತಡ ಏರಿಸಿ, ಪಂಪು ನಿಂತ ಕೂಡಲೇ ರಬ್ಬರ್ ಹೋಸನ್ನು ಒತ್ತಿ ಹಿಡಿಯಿರಿ. ಟ್ಯಾಂಕಿನಿಂದ ಬರುವ ಹೋಸ್ ಒತ್ತಿದಾಗ ಒತ್ತಡ ನಿಂತರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಕೆಟ್ಟಿದೆ. ಟ್ಯಾಂಕಿಗೆ ಮರಳುವ ರಿಟರ್ನ್ ಹೋಸ್ ಒತ್ತಿದಾಗ ನಿಂತರೆ ರೆಗ್ಯುಲೇಟರ್ ಕೆಟ್ಟಿದೆ. ಎರಡನ್ನೂ ಒತ್ತಿದರೂ ಇಳಿಯುತ್ತಿದ್ದರೆ ಇಂಜೆಕ್ಟರ್ ಸೋರುತ್ತಿದೆ. ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಮಾತ್ರ ಒತ್ತಬೇಡಿ, ಬಿರುಕು ಬಿಡುತ್ತದೆ. ಇಷ್ಟು ಸೂಕ್ಷ್ಮವಾಗಿ ದೋಷದ ಜಾಗ ತೋರಿಸುವ ಸಾಧನ ಈ ಮೂರರಲ್ಲಿ ಬೇರೊಂದಿಲ್ಲ.

ಆದರೂ ನಿಂತ ಗಾಡಿಯಲ್ಲಿ ಗೇಜು ಮೋಸ ಮಾಡಬಲ್ಲದು. ಐಡಲಿನಲ್ಲಿ ಎಂಜಿನ್ ಕುಡಿಯುವ ಪೆಟ್ರೋಲ್ ತೀರಾ ಕಡಿಮೆ, ಸವೆದ ಪಂಪು ಕೂಡ 3 ಬಾರ್ ಹಿಡಿದುಕೊಳ್ಳುತ್ತದೆ. ಗೇಜಿಗೆ ಉದ್ದ ಹೋಸ್ ಹಾಕಿ, ವೈಪರ್ ಬ್ಲೇಡಿಗೆ ಸಿಕ್ಕಿಸಿ, ಹೊರೆ ಹೇರಿ ಏರಿನಲ್ಲಿ ಓಡಿಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಹೋಸನ್ನು ಗಾಡಿಯ ಒಳಗೆ ತರುವುದು ಮಾತ್ರ ಖಂಡಿತ ಬೇಡ.

ಬಾಟಲಿ

ಏರಿನಲ್ಲಿ ಸೋಲುವ ಗಾಡಿಗೆ, ರಸ್ತೆಗೆ ಇಳಿಯದೆಯೇ ಉತ್ತರ ಕೊಡುವುದು ಇದು. ಬಹಳ ಕಡೆ ಫಿಲ್ಟರಿನ ಹತ್ತಿರ ಲೈನ್ ಬಿಚ್ಚಿ ಬಾಟಲಿಗೆ ಬಿಟ್ಟು, ಧಾರಾಳ ಬರುತ್ತಿದೆ ಎಂದು ಪಂಪನ್ನು ಪಾಸು ಮಾಡುತ್ತಾರೆ. ಅದು ಒತ್ತಡವೇ ಇಲ್ಲದ ಹರಿವು. ತೋಟದಲ್ಲಿ ಮದ್ದು ಬಿಡುವ ಸವೆದ ಪಂಪಿನ ಹೋಸಿಗೆ ಗನ್ ಇಲ್ಲದಿದ್ದರೆ ಮದ್ದು ಧಾರಾಳ ಸುರಿಯುತ್ತದೆ, ಗನ್ ಹಾಕಿದರೆ ಅಡಿಕೆ ಮರದ ಕೊನೆಗೆ ತಲಪುವುದಿಲ್ಲ, ಇದೂ ಹಾಗೆಯೇ.

ಸರಿಯಾದ ಕ್ರಮ: ರೆಗ್ಯುಲೇಟರಿನಿಂದ ಟ್ಯಾಂಕಿಗೆ ಮರಳುವ ಹೋಸ್ ಬಿಚ್ಚಿ, ಅಳತೆ ಗುರುತಿರುವ, ಪೆಟ್ರೋಲ್ ತಡೆಯುವ ಪಾತ್ರೆಗೆ ಇಳಿಸಿ. ಎಂಜಿನ್ ಆಫ್ ಇರಲಿ. ಫ್ಯೂಸು, ಬ್ಯಾಟರಿ ಮತ್ತೆ ಜೋಡಿಸಿ, ಮೊದಲು ಹೇಳಿದಂತೆ ರಿಲೇಯ 30 ಮತ್ತು 87ನೇ ಕಿಂಡಿಗಳನ್ನು ಸೇರಿಸಿ 30 ಸೆಕೆಂಡ್ ಪಂಪು ಓಡಿಸಿ. ಈಗ ಬರುವುದು ಪೂರ್ಣ ಒತ್ತಡದಲ್ಲಿ ಪಂಪು ಕೊಡುವ ಹರಿವು. ಅರ್ಧ ಲೀಟರಿಗೆ ಕಡಿಮೆ ಬಂದರೆ ಸಂಶಯ ಪಡಿ. ಫಿಲ್ಟರ್ ಬದಲಿಸಿ ಇನ್ನೊಮ್ಮೆ ನೋಡಿ, ಆಗಲೂ ಬಾರದಿದ್ದರೆ ಟ್ಯಾಂಕಿನೊಳಗಿನ ಜಾಲರಿ ಅಥವಾ ಪಂಪೇ.

ಹಿಡಿದ ಪೆಟ್ರೋಲನ್ನು ಚೆಲ್ಲಬೇಡಿ, ಗಾಜಿನ ಬಾಟಲಿಯಲ್ಲಿ ಕಾಲು ಗಂಟೆ ಇಟ್ಟು ನೋಡಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಸ್ವಲ್ಪ ನೀರನ್ನು ಅದು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರು ಎಥನಾಲನ್ನೂ ಸೇರಿಸಿಕೊಂಡು ತಳಕ್ಕೆ ಇಳಿಯುತ್ತದೆ. ಪಂಪು ಹೀರುವುದು ತಳದಿಂದಲೇ. ಮಳೆಗಾಲದಲ್ಲಿ ಮುಚ್ಚಳದ ರಬ್ಬರ್ ಗಟ್ಟಿಯಾದ ಗಾಡಿಗಳಲ್ಲಿ ಇದು ಸಾಮಾನ್ಯ. ಬೆಲೆ ಕಡಿಮೆಯೆಂದು ತಲಪಾಡಿ ಗಡಿಯಾಚೆಯ ಕರ್ನಾಟಕದ ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತಂದಿಟ್ಟು ಸುರಿಯುವವರು ಕ್ಯಾನಿನ ತಳವನ್ನೊಮ್ಮೆ ನೋಡಿಕೊಳ್ಳಲಿ. ಉಳಿಸಿದ ದುಡ್ಡು ಜಾಲರಿ ಕಟ್ಟುವ ಕೆಸರಿಗೆ ಹೋಗುತ್ತದೆ.

ನಮ್ಮ ಆಯ್ಕೆಯ ಕ್ರಮ ಹೀಗೆ: ಗಾಡಿ ಒಮ್ಮೊಮ್ಮೆ ಸ್ಟಾರ್ಟ್ ಆಗದಿದ್ದರೆ ಮೊದಲು ಮಲ್ಟಿಮೀಟರ್, ಬಿಸಿಯಲ್ಲಿ ಮಾತ್ರ ಸತಾಯಿಸಿದರೆ ಗೇಜು, ಹೊರೆಯಲ್ಲಿ ಸೋತರೆ ಮಲ್ಟಿಮೀಟರ್, ಆಮೇಲೆ ಬಾಟಲಿ. ಟ್ಯಾಂಕಿನ ಅಡಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಪಂಪು ಶುರುವಾದರೆ ಹೆಚ್ಚಾಗಿ ಮೋಟಾರಿನ ಕಾರ್ಬನ್ ಬ್ರಶ್ ಸವೆದಿರುತ್ತದೆ, ಕನೆಕ್ಟರ್ ಸಡಿಲವಿಲ್ಲವೆಂದು ನೋಡಿಕೊಂಡು ಪಂಪು ಬದಲಿಸಿ.

ಬದಲಿಸುವುದಾದರೆ

ಮುಚ್ಚಳ ಸಮೇತ ಪಂಪಿನ ಪೂರ್ತಿ ಸೆಟ್ಟು (ಮಾಡ್ಯೂಲ್), ಒಳಗಿನ ಮೋಟಾರ್ ಮಾತ್ರ, ಟ್ಯಾಂಕಿನ ಹೊರಗೆ ಹಾಕುವ ಇನ್‌ಲೈನ್ ಪಂಪು: ಮೂರು ದಾರಿ. ಹೊರಗಿನ ಪಂಪನ್ನು ನಾವು ಒಪ್ಪುವುದಿಲ್ಲ. ಇಂಥ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಟ್ಯಾಂಕಿನ ಮೇಲ್ಭಾಗದಿಂದ ಹೀರಿಸಿದರೆ ಬೇಸಗೆಯಲ್ಲಿ ಪೆಟ್ರೋಲ್ ಆವಿಯಾಗಿ ಪಂಪು ಬರೀ ಕಿರುಚುತ್ತದೆ. ಮೋಟಾರ್ ಮಾತ್ರ ಬದಲಿಸುವುದು ಖರ್ಚಿಗೆ ಹಗುರ, ಮೇಲಿನ ಮುಚ್ಚಳದ ಪಿನ್ನುಗಳು ಸುಡದೆ ಇದ್ದರೆ ನಮ್ಮ ಮತ ಇದಕ್ಕೇ. ಜಾಲರಿಯನ್ನೂ ಹೊಸತೇ ಹಾಕಿ. ಒಳಗಿನ ಗಿಡ್ಡ ಹೋಸಿಗೆ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ ಹೋಸನ್ನು ಕೇಳಿ ತನ್ನಿ. ಎಂಜಿನ್ ಬದಿಯ ಸಾಮಾನ್ಯ ಫ್ಯುಯೆಲ್ ಹೋಸ್ ಒಳಗೆ ಮೆತ್ತಗಾಗಿ ಒಡೆಯುತ್ತದೆ, ಸದ್ದು ಚೆನ್ನಾಗಿ ಕೇಳಿಸುವ ಹೊಸ ಪಂಪಿನಿಂದಲೂ ಒತ್ತಡ ಬಾರದು. ಪಿನ್ನು ಸುಟ್ಟಿದ್ದರೆ ಪೂರ್ತಿ ಮಾಡ್ಯೂಲೇ ಸರಿ.

ಯಾವುದನ್ನು ಹಾಕಿದರೂ ಜೊತೆಗೆ ಹೊಸ ತಂತಿ ಎಳೆಯಿರಿ. 4 ಮೀಟರ್ ಉದ್ದದ 1 ಚದರ ಮಿ.ಮೀ. ತಂತಿಯಲ್ಲಿ 5 ಆಂಪಿಯರ್ ಹರಿದರೆ ಪಾಸಿಟಿವ್ ಬದಿಯೊಂದರಲ್ಲೇ 0.34 ವೋಲ್ಟ್ ಹೋಗುತ್ತದೆ, 2.5 ಚದರ ಮಿ.ಮೀ. ತಂತಿಯಲ್ಲಿ 0.14 ಮಾತ್ರ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ಹೊಸ ರಿಲೇಯ 30ಕ್ಕೆ, 87ರಿಂದ ಪಂಪಿಗೆ. ಹಳೆಯ ಪಂಪ್ ತಂತಿಯನ್ನು ರಿಲೇಯ ಕಾಯಿಲಿನ 86ಕ್ಕೆ ಕೊಟ್ಟು, ಅದರ ಇನ್ನೊಂದು ತುದಿ 85ನ್ನು ಅರ್ತ್ ಮಾಡಿ. ಹೀಗೆ ಮಾಡಿದರೆ ಎಂಜಿನ್ ನಿಂತಾಗ ಪಂಪನ್ನು ಆಫ್ ಮಾಡುವ ಇಸಿಯುವಿನ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ) ಹಿಡಿತ ಹಾಗೆಯೇ ಉಳಿಯುತ್ತದೆ. ಇಗ್ನಿಶನ್ನಿಂದ ನೇರ ಕರೆಂಟು ಕೊಟ್ಟರೆ ಅಪಘಾತದಲ್ಲಿ ಪೈಪ್ ಹರಿದರೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಟ್ಯಾಂಕಿನ ಮುಚ್ಚಳದ ಹಳೆಯ ಓ-ರಿಂಗ್ ಪೆಟ್ರೋಲಿನಲ್ಲಿ ಉಬ್ಬಿ ತೋಡಿನಲ್ಲಿ ಕೂರುವುದಿಲ್ಲ, ಹೊಸತನ್ನು ಮೊದಲೇ ತಂದಿಟ್ಟುಕೊಂಡು ಟ್ಯಾಂಕ್ ಇಳಿಸಿ.