ಅರ್ಜಿ ಬರೆದುಕೊಡಲಿಲ್ಲ, ಲೆಕ್ಕದ ಪುಸ್ತಕ ಕೇಳಿದರು

ನಮ್ಮದು ಹನ್ನೊಂದು ಜನರ ಪುಟ್ಟ ಸಂಘ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತೇವೆ, ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಬರೆಯುತ್ತೇವೆ. ಸಂಬಳದವರು ಯಾರೂ ಇಲ್ಲ, ಕಚೇರಿಯೂ ಇಲ್ಲ. ಆರು ವರ್ಷದಿಂದ ನಾನು ಖಜಾಂಚಿ. ಸಣ್ಣ ಸ್ವಯಂಸೇವಾ ಸಂಘಗಳಿಗೆ ಉಚಿತವಾಗಿ ಸಲಹೆ ಕೊಡುವ ಕೇಂದ್ರವೊಂದರ ಜೊತೆ ಎಂಟು ತಿಂಗಳು ಒಡನಾಡಿದ್ದೇವೆ. ಇಂಥ ಕಡೆ ಹೋಗೋಣವೋ ಬೇಡವೋ ಅಂತ ಯೋಚಿಸುತ್ತಿರುವ ಸಂಘದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಹೋಗಿದ್ದು ಕಷ್ಟಕ್ಕೆ ಸಿಕ್ಕಿಕೊಂಡ ಮೇಲೆ. ಸಂಘ ಕಟ್ಟಿದ ನಮ್ಮ ಕಾರ್ಯದರ್ಶಿಗಳು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು. ಬ್ಯಾಂಕ್ ಖಾತೆಗೆ ಇದ್ದದ್ದು ಅವರೊಬ್ಬರದೇ ಸಹಿ. ಪರೀಕ್ಷೆ ಶುರುವಾಗಲು ಹದಿನೈದು ದಿನ. ಬರೆಯಲು ಹೋಗುವವರ ಓಡಾಟದ ಖರ್ಚನ್ನು ನಾವು ನಾಲ್ಕು ಜನ ಕೈಯಿಂದ ಹಾಕಿ ಹೇಗೋ ದಾಟಿಸಿದೆವು. ಇನ್ನು ಅನುದಾನ ಇಲ್ಲದೆ ಆಗುವುದಿಲ್ಲ, ಯಾರಾದರೂ ಒಳ್ಳೆಯ ಅರ್ಜಿ ಬರೆದುಕೊಟ್ಟರೆ ಸಾಕು ಅಂದುಕೊಂಡು ಕೇಂದ್ರಕ್ಕೆ ಹೋದೆ.

ಭೇಟಿಗೆ ದಿನ ಸಿಗಲು ಮೂರು ವಾರ ಕಾಯಬೇಕಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಈಮೇಲಿಗೆ ಮಾತ್ರ ಉತ್ತರ. ನಮಗೆ ಸಿಕ್ಕ ಸಲಹೆಗಾರ ಮೂವತ್ತರ ಆಸುಪಾಸಿನ ಹುಡುಗ. “ಅರ್ಜಿ ಆಮೇಲೆ ನೋಡೋಣ ಅಮ್ಮ, ಮೊದಲು ಲೆಕ್ಕದ ಪುಸ್ತಕ ತೋರಿಸಿ” ಅಂದ.

ನನ್ನದು ಉದ್ದನೆಯ ರಟ್ಟಿನ ಪುಸ್ತಕ. ಜಮಾ, ಖರ್ಚು, ಉಳಿಕೆ, ಇಷ್ಟೇ. ರಶೀದಿಗಳನ್ನೆಲ್ಲ ತಿಂಗಳುವಾರು ಪಿನ್ ಮಾಡಿಟ್ಟಿದ್ದೆ, ಆ ಬಗ್ಗೆ ಹೆಮ್ಮೆಯೂ ಇತ್ತು. ಅವನು ನಿಧಾನವಾಗಿ ಪುಟ ತಿರುವುತ್ತಾ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟ: ‘ರೆಕಾರ್ಡರ್ ಕೊಳ್ಳಲು ಬಂದ ದೇಣಿಗೆ.’ “ರೆಕಾರ್ಡರ್ ಬಂತಾ ಅಮ್ಮ?” ಒಂದು ಬಂತು, ಮಿಕ್ಕಿದ್ದು ಪರೀಕ್ಷೆ ಸಮಯದ ಓಡಾಟಕ್ಕಾಯಿತು ಅಂದೆ. ಒಂದು ಕಾಸೂ ಪೋಲಾಗಿರಲಿಲ್ಲವಾದ್ದರಿಂದ ಹೇಳಲು ಅಳುಕೇನೂ ಆಗಲಿಲ್ಲ.

ಅವನು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಸ್ಕೇಲ್ ಇಟ್ಟು ಪೆನ್ಸಿಲಿನಿಂದ ಎರಡು ಗೆರೆ ಎಳೆದ. ಮೂರು ಅಂಕಣವಾಯಿತು: ಯಾವುದಕ್ಕಾದರೂ ಬಳಸಬಹುದಾದ ಹಣ, ಇಂಥದ್ದಕ್ಕೇ ಅಂತ ಬಂದ ಹಣ, ಆಪತ್ತಿಗೆ ಎತ್ತಿಟ್ಟ ಹಣ. ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು, ಹಿಂದಿನ ವರ್ಷದ ಒಂದೊಂದು ನಮೂದನ್ನೂ ಹಂಚಲು ಹೇಳಿದ. ಮುಕ್ಕಾಲು ಗಂಟೆ ಹಿಡಿಯಿತು. ಮೂರನೆಯ ಅಂಕಣ ಪೂರ್ತಿ ಖಾಲಿ. ಮೊದಲನೆಯದು ಸೊನ್ನೆಗಿಂತ ಕೆಳಗಿತ್ತು. ಪಾಸ್‌ಬುಕ್‌ನಲ್ಲಿ ಉಳಿಕೆ ಅಂತ ನಾನು ನೆಮ್ಮದಿಯಿಂದ ನೋಡುತ್ತಿದ್ದದ್ದೆಲ್ಲ ನಿರ್ದಿಷ್ಟ ಕೆಲಸಕ್ಕೆಂದು ಯಾರೋ ನಂಬಿ ಕೊಟ್ಟ ದುಡ್ಡು. ಅಂಗೈ ಬೆವತುಹೋಯಿತು.

“ಕೊಟ್ಟವರಿಗೆ ಇದ್ದದ್ದು ಇದ್ದ ಹಾಗೆ ಬರೆಯಿರಿ” ಅಂದ. ಅವತ್ತು ಸಂಜೆಯೇ ಬರೆದೆ. ಓಡಾಟಕ್ಕೆ ಬಳಸಿದ್ದಕ್ಕೆ ಒಪ್ಪಿಗೆಯಿದೆ ಅಂತ ಆ ದಾನಿಗಳು ಕೈಬರಹದಲ್ಲೇ ಉತ್ತರ ಕಳಿಸಿದರು. ಆ ಪತ್ರ ಈಗ ಫೈಲಿನಲ್ಲಿ ಮೊದಲ ಹಾಳೆ.

ಎರಡನೆಯ ಭೇಟಿ ಬೈಲಾ ನೋಡುವುದಕ್ಕೆ. ಎರಡು ವರ್ಷಕ್ಕೊಮ್ಮೆ ಪದಾಧಿಕಾರಿಗಳ ಆಯ್ಕೆ ಆಗಬೇಕು ಅಂತ ನಮ್ಮ ಬೈಲಾದಲ್ಲೇ ಇದೆ. ನಡವಳಿ ಪುಸ್ತಕದಲ್ಲಿ ಒಂಬತ್ತು ವರ್ಷದಿಂದ ಅಂಥದ್ದೊಂದು ಸಾಲೂ ಇಲ್ಲ. ಮೂವರಿಗೆ ಸಹಿಯ ಅಧಿಕಾರ, ಅವರಲ್ಲಿ ಯಾರಾದರೂ ಇಬ್ಬರ ಸಹಿ ಇದ್ದರೆ ಚೆಕ್ ನಡೆಯುತ್ತದೆ ಅನ್ನುವಂತೆ ಠರಾವು ಮಾಡಿಕೊಳ್ಳಿ ಅಂದ. ಆದರೆ ಇದನ್ನು ಕಾರ್ಯದರ್ಶಿಗಳಿಗೆ ಹೇಳುವವರು ಯಾರು? ನೀವೇ ಹೇಳಿಬಿಡಿ ಅಂತ ಕೇಳಿಕೊಂಡೆ. “ಹೊರಗಿನವನು ನಾನು, ಹೇಳಬಾರದು ಅಮ್ಮ. ಸಭೆಗೆ ಬರ್ತೀನಿ, ಪಕ್ಕದಲ್ಲಿ ಕೂತಿರ್ತೀನಿ.”

ಸಭೆಯಲ್ಲಿ ಹೇಳಿದೆ. “ಹಾಗಾದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತಾಯ್ತು” ಅಂದವರೇ ಊರುಗೋಲು ಹಿಡಿದು ಎದ್ದು ಹೊರಟುಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿ, ಬ್ಯಾಂಕ್ ಫಾರಂ ತುಂಬಿಸುತ್ತಿದ್ದೇನೆ, ನಿಮ್ಮ ಹೆಸರಿನ ಇನಿಷಿಯಲ್ ಮುಂದೆ ಬರುತ್ತೋ ಹಿಂದೆಯೋ ಅಂತ ಕೇಳಿದರು.

ನಾವು ಕೇಳಿಯೇ ಇರದ ಪ್ರಶ್ನೆಯೊಂದನ್ನೂ ಆ ಹುಡುಗ ಎತ್ತಿದ: ಕೃತಿಸ್ವಾಮ್ಯ ಇರುವ ಪುಸ್ತಕಗಳನ್ನು ಇಡೀ ಓದಿ ರೆಕಾರ್ಡ್ ಮಾಡಲು ನಿಮಗೆ ಹಕ್ಕಿದೆಯಾ? ನಮ್ಮಲ್ಲಿ ಉತ್ತರ ಇರಲಿಲ್ಲ. ಅವನೂ “ನನಗೆ ಖಚಿತವಿಲ್ಲ, ವಿಚಾರಿಸಿ ಹೇಳ್ತೀನಿ” ಅಂದ, ಒಂದು ವಾರದಲ್ಲಿ ಹೇಳಿದ. 2013ರ ಜೂನ್‌ನಲ್ಲಿ ಆದ ಮರಾಕೇಶ್ ಒಪ್ಪಂದ 2016ರ ಸೆಪ್ಟೆಂಬರ್ 30ರಿಂದ ಜಾರಿಯಲ್ಲಿದೆ. ಅದನ್ನು ಒಪ್ಪಿದ ದೇಶಗಳು, ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಲಾಭದಾಸೆಯಿಲ್ಲದ ಸಂಸ್ಥೆಗಳು ಹಕ್ಕುದಾರರ ಅನುಮತಿ ಇಲ್ಲದೆಯೂ ಇಂಥ ಪ್ರತಿ ಮಾಡಲು ತಮ್ಮ ಕಾನೂನಿನಲ್ಲಿ ಅವಕಾಶ ಕೊಡಬೇಕು. ಸಂಸ್ಥೆಗೂ ಹೊಣೆಯಿದೆ: ಪಡೆಯುವವರು ನಿಜವಾಗಿ ಅರ್ಹರೇ ಅಂತ ನೋಡಬೇಕು, ಪ್ರತಿ ಅವರಿಗಷ್ಟೇ ತಲುಪಬೇಕು, ಯಾರಿಗೆ ಏನು ಕೊಟ್ಟೆವು ಅನ್ನುವ ದಾಖಲೆ ಇಡಬೇಕು. ಅಲ್ಲಿಯವರೆಗೆ ನಾವು ಫೈಲುಗಳನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಡುತ್ತಿದ್ದೆವು. ಅವತ್ತೇ ನಿಲ್ಲಿಸಿದೆವು. ಈಗ ಒಬ್ಬೊಬ್ಬರಿಗೇ ಕಳಿಸಿ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದಕ್ಕೇ ಆ ಹುಡುಗನ ಮಿಕ್ಕ ಮಾತುಗಳ ಮೇಲೆ ನನಗೆ ಭರವಸೆ ಬಂತು.

ಕೊರತೆಗಳೂ ಇವೆ. ಅವರ ತರಬೇತಿ ಶಿಬಿರ ನಮಗೆ ಉಪಯೋಗವಾಗಲಿಲ್ಲ. ದಿನವಿಡೀ ಸ್ಲೈಡ್ ಓದಿದರು, ನಲವತ್ತು ಪುಟದ ಮಾದರಿ ನಿಯಮಾವಳಿ ಕೊಟ್ಟರು. ಸಂಬಳದ ನೌಕರರಿರುವ ದೊಡ್ಡ ಸಂಸ್ಥೆಗೆ ಸರಿ, ನಮ್ಮಂಥವರಿಗೆ ಎರಡು ಪುಟ ಸಾಕಿತ್ತು. ಅದಕ್ಕಿಂತ ಬೇಸರವಾದದ್ದು ಆರನೆಯ ತಿಂಗಳಲ್ಲಿ. ನಮ್ಮ ಸಲಹೆಗಾರ ಬೇರೆ ಕೆಲಸಕ್ಕೆ ಹೋದ, ಹೊಸಬರು ಬಂದರು. ನಮ್ಮ ಬಗ್ಗೆ ಅವರ ಬಳಿ ಒಂದು ಟಿಪ್ಪಣಿಯೂ ಇರಲಿಲ್ಲ, ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಸಂಘಗಳು ಮನಸ್ಸು ಬಿಚ್ಚಿ ಕಷ್ಟ ಹೇಳಿಕೊಳ್ಳುವ ಜಾಗದಲ್ಲಿ ಹೀಗಾಗಬಾರದು. ಇದನ್ನು ಅವರಿಗೆ ಲಿಖಿತವಾಗಿಯೇ ತಿಳಿಸಿದ್ದೇನೆ.

ಅನುದಾನದ ಅರ್ಜಿಯನ್ನು ಕೊನೆಗೆ ನಾವೇ ಬರೆದೆವು. ‘ಸಮಾಜದ ಸರ್ವಾಂಗೀಣ ಏಳಿಗೆಗಾಗಿ’ ಅಂತ ನಾನು ಬರೆದಿದ್ದ ಸಾಲನ್ನು ಆ ಹುಡುಗ ಹೋಗುವ ಮುಂಚೆ ಹೊಡೆದುಹಾಕಿ, ಪಕ್ಕದಲ್ಲಿ ‘ಎಷ್ಟು ಮಕ್ಕಳು? ಎಷ್ಟು ಪರೀಕ್ಷೆ?’ ಅಂತ ಬರೆದಿದ್ದ. ಮೊದಲ ಅರ್ಜಿ ತಿರಸ್ಕಾರವಾಯಿತು. ಎರಡನೆಯದರಲ್ಲಿ ಕೇಳಿದ್ದರ ಅರ್ಧ ಸಿಕ್ಕಿತು, ಓಡಾಟದ ಖರ್ಚಿಗೆ ಮಾತ್ರ. ಅದು ಎರಡನೆಯ ಅಂಕಣದಲ್ಲಿದೆ.

ಹೋಗುವವರು ಬೈಲಾ, ನಡವಳಿ ಪುಸ್ತಕ, ಲೆಕ್ಕದ ಪುಸ್ತಕ, ಪಾಸ್‌ಬುಕ್ ನಾಲ್ಕನ್ನೂ ತಗೊಂಡು ಹೋಗಿ. ಒಬ್ಬರೇ ಹೋಗಬೇಡಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬರೆದುಕೊಳ್ಳಬೇಕು. ಮುಂದಿನ ತಿಂಗಳು ಮೂರನೆಯ ಅಂಕಣದ ವಿಷಯಕ್ಕೆ ನಾವು ಮತ್ತೆ ಹೋಗುತ್ತಿದ್ದೇವೆ, ಈ ಸಲ ಕಾರ್ಯದರ್ಶಿಗಳೂ ಬರುತ್ತಾರೆ.