ಸಮುದ್ರದ ಮೀನಿನ ತೊಟ್ಟಿಗೆ ಅಡುಗೆಮನೆಯ ಆರ್‌ಒ ನೀರು ಹಾಕಬೇಡಿ

ಅಡುಗೆಮನೆಯ ಗೋಡೆಯ ಮೇಲಿರುವ ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಒಂದು ಲೋಟ ನೀರನ್ನೂ ಸಮುದ್ರದ ಮೀನಿನ ತೊಟ್ಟಿಗೆ ಸುರಿಯಬೇಡಿ. ಆ ಯಂತ್ರದ ಮೇಲೆ ‘ತಾಮ್ರ’ ಎಂದೋ ‘ಖನಿಜಯುಕ್ತ’ ಎಂದೋ ಬರೆದಿದ್ದರೆ ಆ ನೀರು ತೊಟ್ಟಿಯ ಹತ್ತಿರಕ್ಕೂ ಬರಬಾರದು. ನಮ್ಮ ಮನೆಯಲ್ಲಿ ಏಳು ವಾರಗಳಲ್ಲಿ ಒಂಬತ್ತು ಬಸವನಹುಳುಗಳು, ಎರಡು ಸಿಗಡಿಗಳು ಮತ್ತು ನಾಲ್ಕು ವರ್ಷ ಸಾಕಿದ್ದ ಒಂದು ಅನಿಮೋನ್ (ಹೂವಿನಂತೆ ಕಾಣುವ ಸಮುದ್ರಜೀವಿ) ಸತ್ತುಹೋದವು. ಪ್ರತಿದಿನ ಬೆಳಿಗ್ಗೆ ನಾನೇ ಕೈಯಾರೆ ಹಾಕುತ್ತಿದ್ದ ನೀರು ಅವುಗಳನ್ನು ಕೊಂದಿತು. ಇದನ್ನು ಬರೆಯುವುದು ಸುಲಭವಲ್ಲ. ಆದರೆ ಬೆಂಗಳೂರಿನಲ್ಲಿ ಈಗ ಎಷ್ಟೋ ಮನೆಗಳಲ್ಲಿ ಇದೇ ಬಗೆಯ ಯಂತ್ರಗಳಿವೆ, ಕ್ಲೌನ್ ಮೀನು ಸಾಕುವವರೂ ಹೆಚ್ಚುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ನಮ್ಮದು ನೂರ ಎಂಬತ್ತು ಲೀಟರಿನ ತೊಟ್ಟಿ. ಎರಡು ಕ್ಲೌನ್ ಮೀನುಗಳು, ಅವು ಮನೆ ಮಾಡಿಕೊಂಡಿದ್ದ ಅನಿಮೋನ್, ಮೀನುಗಳ ಮೈಯನ್ನು ಹೆಕ್ಕಿ ಶುಚಿ ಮಾಡುವ ಕೆಂಪು ಬಿಳಿ ಪಟ್ಟೆಯ ಎರಡು ಸಿಗಡಿಗಳು, ಗಾಜಿನ ಪಾಚಿ ತಿನ್ನುವ ಬಸವನಹುಳುಗಳು. ಹವಳ ಇರಲಿಲ್ಲ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರಾದರೂ ಮಾರಲು ಬಂದರೂ ಕೊಳ್ಳಬಾರದು.

2024ರ ಬೇಸಿಗೆಯವರೆಗೆ ನಮ್ಮ ಅಪಾರ್ಟ್‌ಮೆಂಟಿಗೆ ಬಹುಪಾಲು ಕಾವೇರಿ ನೀರೇ ಬರುತ್ತಿತ್ತು. ನಲ್ಲಿಯಲ್ಲಿ ಟಿಡಿಎಸ್ (ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣಗಳ ಮಿಲಿಗ್ರಾಂ ಲೆಕ್ಕ) 160ರ ಆಸುಪಾಸು. ಮನೆಯಲ್ಲಿದ್ದ ಹಳೆಯ ಸಾದಾ ಆರ್‌ಒ ಯಂತ್ರ ಅದನ್ನು 15ಕ್ಕೆ ಇಳಿಸುತ್ತಿತ್ತು. ಆ ನೀರಿಗೇ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿ ತೊಟ್ಟಿಗೆ ಹಾಕುತ್ತಿದ್ದೆ. ಗಾಜಿನ ಮೇಲೆ ಆಗಾಗ ಕಂದು ಪದರ ಕಟ್ಟುತ್ತಿತ್ತೇ ಹೊರತು ಬೇರೆ ತೊಂದರೆ ಇರಲಿಲ್ಲ. ಅದೇ ನನ್ನನ್ನು ತಪ್ಪು ದಾರಿಗೆ ಎಳೆಯಿತು. ಆರ್‌ಒ ನೀರೆಂದರೆ ಎಲ್ಲವೂ ಒಂದೇ ಎಂದು ನಂಬಿಬಿಟ್ಟೆ.

ಆ ವರ್ಷದ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಕಟ್ಟಡದ ನೆಲದಡಿಯ ನೀರಿನ ಸಂಪ್‌ಗೆ ಒಂದು ದಿನ ಕಾವೇರಿ, ಎರಡು ದಿನ ಟ್ಯಾಂಕರ್, ಮತ್ತೊಂದು ದಿನ ಕಟ್ಟಡದ್ದೇ ಕೊಳವೆಬಾವಿ. ಟಿಡಿಎಸ್ 1,100 ದಾಟಿತು. ಹಳೆಯ ಯಂತ್ರದಲ್ಲಿ ಲವಣಗಳನ್ನು ಸೋಸುವ ತೆಳು ಪೊರೆ, ಅಂದರೆ ಮೆಂಬ್ರೇನ್, ಗಡಸು ನೀರಿಗೆ ಕಟ್ಟಿಕೊಂಡು ನೀರು ಸಪ್ಪಳವಿಲ್ಲದೆ ನಿಂತೇಹೋಯಿತು. ಹೊಸದು ಕೊಳ್ಳಲೇಬೇಕಾಯಿತು.

ಅಂಗಡಿಯಲ್ಲಿ ತಾಮ್ರದ ಕಾರ್ಟ್ರಿಜ್ ಇರುವ ಮಾದರಿಯನ್ನು ತೋರಿಸಿದರು. ನಮ್ಮ ಅತ್ತೆ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವವರು. ಅವರಿಗೆ ಅದು ಹಿಡಿಸಿತು, ನನಗೂ ತಪ್ಪೆನಿಸಲಿಲ್ಲ. ಜೋಡಿಸಲು ಬಂದ ತಂತ್ರಜ್ಞನನ್ನು ಮೀನಿನ ತೊಟ್ಟಿಯ ಮುಂದೆಯೇ ನಿಲ್ಲಿಸಿ ಕೇಳಿದೆ: “ಈ ನೀರನ್ನು ಇದಕ್ಕೂ ಹಾಕಬಹುದೇ?”

“ಮನುಷ್ಯರು ಕುಡಿಯುವ ನೀರು ಮೇಡಂ, ಮೀನಿಗೆ ಏನಾಗುತ್ತದೆ? ಧೈರ್ಯವಾಗಿ ಹಾಕಿ.”

ಆತ ಸುಳ್ಳು ಹೇಳುವ ಉದ್ದೇಶದಿಂದ ಹೇಳಲಿಲ್ಲ. ಆತನಿಗೆ ಗೊತ್ತಿದ್ದದ್ದು ಕುಡಿಯುವ ನೀರು ಮಾತ್ರ. ಹೋಗುವ ಮುನ್ನ ಯಂತ್ರದೊಳಗಿನ ಒಂದು ಪುಟ್ಟ ತಿರುಪನ್ನು ತಿರುಗಿಸಿ ಟಿಡಿಎಸ್ ಅನ್ನು 90ಕ್ಕೆ ನಿಲ್ಲಿಸಿದ. ತೀರಾ ಕಡಿಮೆಯಾದರೆ ನೀರು ರುಚಿಸುವುದಿಲ್ಲ ಎಂದ. ಆ ತಿರುಪಿನ ಕೆಲಸವೇನೆಂದು ನಾನು ಆಗಲೇ ಕೇಳಬೇಕಿತ್ತು.

ಮೊದಲು ಬಿದ್ದದ್ದು ಬಸವನಹುಳುಗಳು. ಗಾಜಿನಿಂದ ಕಳಚಿ ಮರಳಿನ ಮೇಲೆ ಅಂಗಾತ ಬೀಳುತ್ತಿದ್ದವು. ತಿರುಗಿಸಿ ಇಟ್ಟರೂ ಮತ್ತೆ ಹತ್ತುತ್ತಿರಲಿಲ್ಲ. ಮೂರನೆಯ ವಾರ ಒಂದು ಸಿಗಡಿ ಪೊರೆ ಬಿಡುತ್ತಿದ್ದ ಸ್ಥಿತಿಯಲ್ಲೇ ಸತ್ತಿತು. ಪೊರೆ ಬಿಡುವಾಗ ಸಾಯುವುದುಂಟು ಎಂದು ಸಮಾಧಾನ ಮಾಡಿಕೊಂಡೆ. ಅನಿಮೋನ್ ಮುದುಡಿ ಮುಷ್ಟಿಯಷ್ಟಾಯಿತು, ನಾಲ್ಕು ವರ್ಷ ಕೂತ ಜಾಗ ಬಿಟ್ಟು ತೊಟ್ಟಿಯೆಲ್ಲ ಅಲೆಯತೊಡಗಿತು. ಮೀನುಗಳು ಮಾತ್ರ ಎಂದಿನಂತೆ ಕೈ ಕಂಡರೆ ಮೇಲೆ ಬಂದು ತಿನ್ನುತ್ತಿದ್ದವು.

ತೊಟ್ಟಿಯ ಕೊಳೆಯಿಂದ ಹುಟ್ಟುವ ವಿಷಗಳನ್ನು ಪರೀಕ್ಷಿಸಿದೆ. ಅಮೋನಿಯ ಸೊನ್ನೆ. ನೈಟ್ರೈಟ್ ಸೊನ್ನೆ. ಉಪ್ಪಿನ ಸಾಂದ್ರತೆ 1.025, ಇರಬೇಕಾದಷ್ಟೇ. ಏಪ್ರಿಲ್ ಬಿಸಿಲು ಕಾರಣವಿರಬಹುದೆಂದು ಫ್ಯಾನ್ ಹಾಕಿದೆ. ಇನ್ನೂ ಸರಿಹೋಗದಿದ್ದಾಗ, ಏನೂ ತೋಚದ ಎಲ್ಲ ಅಕ್ವೇರಿಯಂ ಸಾಕುವವರು ಮಾಡುವುದನ್ನೇ ಮಾಡಿದೆ, ನೀರು ಬದಲಿಸಿದೆ. ಒಂದು ಸಲವಲ್ಲ, ನಾಲ್ಕು ಸಲ, ಮೂವತ್ತು ಮೂವತ್ತು ಲೀಟರ್. ಮದ್ದೆಂದು ಸುರಿದದ್ದರಲ್ಲೇ ವಿಷವಿತ್ತು. ಪ್ರತಿ ಸಲ ನೀರು ಬದಲಿಸಿದ ಮಾರನೆಯ ದಿನ ಅನಿಮೋನ್ ಇನ್ನಷ್ಟು ಕುಗ್ಗುತ್ತಿತ್ತು. ಕಣ್ಣೆದುರಿಗೇ ಇದ್ದ ಆ ಲೆಕ್ಕವನ್ನು ನಾನು ಕೂಡಿಸಲಿಲ್ಲ.

ಹಲವು ವರ್ಷಗಳಿಂದ ಸಮುದ್ರದ ಮೀನು ಸಾಕುತ್ತಿರುವ ಹಿರಿಯರೊಬ್ಬರಿಗೆ ಕೊನೆಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಬೆನ್ನುಮೂಳೆ ಇಲ್ಲದವು ಸಾಯುತ್ತಿವೆ, ಮೀನು ಆರಾಮಾಗಿದೆ, ಅಲ್ಲವೇನಮ್ಮ? ಹಾಗಾದರೆ ತಾಮ್ರ ನೋಡು.”

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಯಂತ್ರದ ಮುಖದ ಮೇಲೆ ಹೊಳೆಯುವ ಅಕ್ಷರಗಳಲ್ಲಿ ಅದೇ ಪದವಿತ್ತು. ಅನಿಮೋನ್ ಮರುದಿನ ಬೆಳಿಗ್ಗೆಯ ಹೊತ್ತಿಗೆ ಕರಗಿಹೋಗಿತ್ತು. ಕೊಳೆತರೆ ಇಡೀ ತೊಟ್ಟಿ ಕೆಡುತ್ತದೆಂದು ತಕ್ಷಣ ತೆಗೆಯಬೇಕಾಯಿತು. ಅತ್ತೆ ಅಂದು ಬಹಳ ಹೊತ್ತು ತೊಟ್ಟಿಯ ಮುಂದೆ ಕೂತಿದ್ದರು. “ನಾನೇ ಆ ಯಂತ್ರ ಬೇಕೆಂದೆ” ಎಂದು ಅವರು ಹೇಳಿದಾಗ ನನಗೆ ಉತ್ತರಿಸಲಾಗಲಿಲ್ಲ. ತಪ್ಪು ಅವರದಲ್ಲ.

ಪರೀಕ್ಷೆಯ ಕಿಟ್ ತರಿಸಿ ನೋಡಿದಾಗ ಯಂತ್ರದ ನೀರಿನಲ್ಲಿ ತಾಮ್ರದ ಬಣ್ಣ ಲೀಟರಿಗೆ 0.25 ಮಿಲಿಗ್ರಾಂ ಗುರುತಿಗೆ ಹೊಂದಿತು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ 0.05 ಮಿಲಿಗ್ರಾಂವರೆಗೆ ಇರುವುದು ಅಪೇಕ್ಷಣೀಯ, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಿಗೆಯುಂಟು. ಅಂದರೆ ಮನುಷ್ಯರ ಮಟ್ಟಿಗೆ ಆ ನೀರು ಮಿತಿಯೊಳಗೇ ಇತ್ತು. ಆದರೆ ಮೀನಿಗೆ ಬಿಳಿ ಚುಕ್ಕಿ ರೋಗ ಬಂದಾಗ ಪರೋಪಜೀವಿಯನ್ನು ಕೊಲ್ಲಲು ಪ್ರತ್ಯೇಕ ತೊಟ್ಟಿಯಲ್ಲಿ ಬಳಸುವ ತಾಮ್ರದ ಪ್ರಮಾಣವೂ ಲೀಟರಿಗೆ ಸುಮಾರು 0.2 ಮಿಲಿಗ್ರಾಂ! ಮೀನು ಅದನ್ನು ತಾಳಿಕೊಳ್ಳುತ್ತದೆ. ಸಿಗಡಿ, ಬಸವನಹುಳು, ಅನಿಮೋನ್ ತಾಳುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೊಸಬರು ಮನಸ್ಸಿಗೆ ತಂದುಕೊಳ್ಳಲೇಬೇಕು. ತೊಟ್ಟಿಯಿಂದ ಆವಿಯಾಗುವುದು ಬರೀ ನೀರು. ಉಪ್ಪು ಉಳಿಯುತ್ತದೆ, ಲೋಹ ಉಳಿಯುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ನಮ್ಮ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರ್ ಹೋಗುತ್ತಿತ್ತು, ಅಷ್ಟನ್ನೇ ಸಿಹಿನೀರಿನಿಂದ ತುಂಬುತ್ತಿದ್ದೆ. ಏಳು ವಾರಕ್ಕೆ ಸುಮಾರು 150 ಲೀಟರ್, ಜೊತೆಗೆ ಬದಲಿಸಿದ 120 ಲೀಟರ್. ಗುಣಿಸಿದರೆ 65 ಮಿಲಿಗ್ರಾಂಗೂ ಹೆಚ್ಚು ತಾಮ್ರ. ಒಂದಿಷ್ಟು ಹಳೆಯ ನೀರಿನೊಂದಿಗೆ ಹೊರಗೆ ಹೋಯಿತು, ಒಂದಿಷ್ಟು ಸುಣ್ಣದ ಬಂಡೆ ಮತ್ತು ಮರಳಿಗೆ ಅಂಟಿಕೊಂಡಿತು. ಅಂಟಿದ್ದು ಸುಮ್ಮನಿರುವುದಿಲ್ಲ, ಮುಂದೆ ತಿಂಗಳುಗಟ್ಟಲೆ ಮೆಲ್ಲಗೆ ನೀರಿಗೆ ಬಿಡುತ್ತಿರುತ್ತದೆ.

ಆ ಪುಟ್ಟ ತಿರುಪಿನ ವಿಷಯವೂ ಆಮೇಲೆ ತಿಳಿಯಿತು. ಮೆಂಬ್ರೇನ್ ದಾಟಿ ಬಂದ ನೀರಿಗೆ, ಮೆಂಬ್ರೇನ್ ದಾಟದ ನೀರನ್ನು ಒಂದಿಷ್ಟು ಬೆರೆಸುವುದೇ ಅದರ ಕೆಲಸ. ಕೊಳವೆಬಾವಿಯ ನೈಟ್ರೇಟ್, ಸಿಲಿಕೇಟ್ ಎಲ್ಲವೂ ಆ ಪಕ್ಕದ ದಾರಿಯಿಂದ ನೇರವಾಗಿ ತೊಟ್ಟಿಗೆ ಬರುತ್ತಿದ್ದವು. ಏಪ್ರಿಲ್‌ನಲ್ಲಿ ಬಂಡೆಗಳ ಮೇಲೆ ಹಸಿರು ಕೂದಲಿನಂತೆ ಪಾಚಿ ಹಬ್ಬಿದ್ದು ಏಕೆಂದು ಆಗ ಅರ್ಥವಾಯಿತು. ಕುಡಿಯುವ ನೀರಿನ ಯಂತ್ರವನ್ನು ರೂಪಿಸುವುದೇ ನೀರಿನಲ್ಲಿ ಏನನ್ನಾದರೂ ಉಳಿಸಲು, ಸೇರಿಸಲು. ನಮಗೆ ಬೇಕಿರುವುದು ಏನನ್ನೂ ಉಳಿಸದ ಯಂತ್ರ. ಇಪ್ಪತ್ತು ಲೀಟರಿನ ಕ್ಯಾನ್ ನೀರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟಾದ ಮೇಲೂ ಇನ್ನೊಮ್ಮೆ ಮೋಸಹೋದೆ. ‘ಅಕ್ವೇರಿಯಂಗೆಂದೇ ಮಾಡಿದ ಆರ್‌ಒಡಿಐ’ ಎಂದು ಬಿಡಿಭಾಗ ಜೋಡಿಸಿ ಕೊಡುವವರೊಬ್ಬರಿಂದ ಏಳೂವರೆ ಸಾವಿರಕ್ಕೆ ಒಂದು ಯಂತ್ರ ತಂದೆ. ಡಿಐ ಎಂದರೆ ಮೆಂಬ್ರೇನ್ ಆದಮೇಲೆ ಉಳಿದ ಅಯಾನುಗಳನ್ನೂ (ಕರಗಿದ ಲವಣಗಳ ವಿದ್ಯುದಾವೇಶದ ಕಣಗಳನ್ನೂ) ಹಿಡಿದುಕೊಳ್ಳುವ ರೆಸಿನ್ ಕಾಳುಗಳ ಹಂತ. ಧನ, ಋಣ ಎರಡೂ ಬಗೆಯ ಅಯಾನುಗಳನ್ನು ಹಿಡಿಯುವ ಸರಿಯಾದ ಮಿಶ್ರ ರೆಸಿನ್ ಆದರೆ ಕೊನೆಯಲ್ಲಿ ಟಿಡಿಎಸ್ ಸೊನ್ನೆ ಬರಬೇಕು. ನನ್ನ ಯಂತ್ರದಲ್ಲಿ ಮೆಂಬ್ರೇನ್ ಆದಮೇಲೆ 58, ರೆಸಿನ್ ಆದಮೇಲೆಯೂ 58. ಒಳಗೆ ತುಂಬಿದ್ದದ್ದು ಗಡಸು ನೀರನ್ನು ಮೆದು ಮಾಡುವ ರೆಸಿನ್. ಬಟ್ಟೆ ಒಗೆಯುವ ನೀರಿಗೆ, ಗೀಸರ್‌ಗೆ ಅದು ಸರಿ. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಒಟ್ಟು ಲೆಕ್ಕ ಇಳಿಯುವುದೇ ಇಲ್ಲ. ಎರಡೂ ನೋಡಲು ಒಂದೇ ಬಗೆಯ ಕಂದು ಹಳದಿ ಕಾಳುಗಳು. ಕೇಳಿದರೆ “ಎಲ್ಲರೂ ಇದನ್ನೇ ಒಯ್ಯುತ್ತಾರೆ” ಎಂಬ ಉತ್ತರ. ಹಣ ವಾಪಸಾಗಲಿಲ್ಲ. ಹಾಗಾಗಿ ಕೊಳ್ಳುವಾಗ ನಿಮ್ಮದೇ ಟಿಡಿಎಸ್ ಮೀಟರ್ ಒಯ್ದು, ನಲ್ಲಿಯಲ್ಲಿ, ಮೆಂಬ್ರೇನ್ ಆದಮೇಲೆ, ರೆಸಿನ್ ಆದಮೇಲೆ, ಮೂರೂ ಕಡೆ ಅಳೆದು ತೋರಿಸಲು ಹೇಳಿ. ಒಪ್ಪದವರ ಹತ್ತಿರ ಕೊಳ್ಳಬೇಡಿ.

ಆದರೆ ಮೀಟರ್ ಹೇಳುವುದನ್ನು ಮಾತ್ರ ನಂಬಿ ಕೂರಬೇಡಿ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಯಾವ ವಸ್ತು ಎಷ್ಟಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಸಿಗಡಿಯನ್ನು ಕೊಲ್ಲುವಷ್ಟು ತಾಮ್ರ ಮೀಟರಿನ ಒಂದು ಅಂಕಿಯನ್ನೂ ಕದಲಿಸುವುದಿಲ್ಲ. ರೆಸಿನ್ ಆದಮೇಲಿನ ಅಂಕಿ ಸೊನ್ನೆ ಇದ್ದರೆ ರೆಸಿನ್ ಇನ್ನೂ ಕೆಲಸ ಮಾಡುತ್ತಿದೆ ಎಂದಷ್ಟೇ ತಿಳಿಯಬಹುದು. ಅದು ಎರಡು, ಮೂರು ಎಂದು ಏರತೊಡಗಿದ ದಿನವೇ ರೆಸಿನ್ ಬದಲಿಸಬೇಕು, ಏಕೆಂದರೆ ಮುಗಿಯುತ್ತಿರುವ ರೆಸಿನ್ ಮೊದಲು ಕೈಬಿಡುವುದು ಸಿಲಿಕೇಟನ್ನು.

ಕೊನೆಗೆ ನಾನು ಕಟ್ಟಿಸಿಕೊಂಡದ್ದು ಹೀಗಿದೆ. ಮಣ್ಣು ಕಸ ತಡೆಯುವ ಸೆಡಿಮೆಂಟ್ ಫಿಲ್ಟರ್, ಅದರ ನಂತರ ಕಾರ್ಬನ್ ಬ್ಲಾಕ್ (ಜಲಮಂಡಳಿಯ ನೀರಿನ ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ, ಇದನ್ನು ಬಿಡಲಾಗದು), ಮೆಂಬ್ರೇನ್, ಕೊನೆಗೆ ಮಿಶ್ರ ರೆಸಿನ್. ಖನಿಜ ಸೇರಿಸುವ ಹಂತವಿಲ್ಲ, ತಿರುಪಿಲ್ಲ, ತಾಮ್ರ ಹಿತ್ತಾಳೆಯ ಒಂದೇ ಒಂದು ಜೋಡಣೆಯೂ ಇಲ್ಲ. ಬೂಸ್ಟರ್ ಪಂಪ್ ಬೇಕೇಬೇಕಾಯಿತು. ಓವರ್‌ಹೆಡ್ ಟ್ಯಾಂಕ್ ಹತ್ತು ಮೀಟರ್ ಮೇಲಿದ್ದರೂ ನಲ್ಲಿಗೆ ಸಿಗುವ ಒತ್ತಡ ಹದಿನಾಲ್ಕು ಪಿಎಸ್‌ಐ (ಒತ್ತಡದ ಒಂದು ಅಳತೆ) ಮಾತ್ರ. ಮೆಂಬ್ರೇನ್ ಸರಿಯಾಗಿ ಕೆಲಸ ಮಾಡಲು ಅರವತ್ತರ ಹತ್ತಿರ ಇರಬೇಕು. ಒತ್ತಡ ಕಡಿಮೆಯಾದಷ್ಟೂ ಶುದ್ಧ ನೀರು ಕಡಿಮೆ, ಅದರ ಟಿಡಿಎಸ್ ಹೆಚ್ಚು.

ಯಂತ್ರ ನಿಂತು ಮತ್ತೆ ಶುರುವಾದಾಗ ಮೊದಲ ಕೆಲವು ನಿಮಿಷ ಮೆಂಬ್ರೇನ್‌ನಿಂದ ಕೆಟ್ಟ ನೀರೇ ಬರುತ್ತದೆ. ಅದನ್ನು ರೆಸಿನ್‌ಗೆ ಬಿಡದೆ ಹೊರಗೆ ಹರಿಸುವ ಒಂದು ಪಕ್ಕದ ನಲ್ಲಿ ಇಟ್ಟುಕೊಳ್ಳಿ. ದಿನಕ್ಕೆ ಎರಡು ಮೂರು ಲೀಟರಿಗೆಂದು ಪದೇಪದೇ ಚಾಲೂ ಮಾಡುವ ಬದಲು ವಾರಕ್ಕೊಮ್ಮೆ ಒಂದು ಡ್ರಮ್ ತುಂಬಿಸುವುದು ಒಳ್ಳೆಯದು. ಕೊಳವೆಬಾವಿ ನೀರಿದ್ದಾಗ ನನ್ನ ಮೊದಲ ರೆಸಿನ್ ಮುನ್ನೂರು ಲೀಟರಿಗೇ ಮುಗಿಯಿತು. ಕಾವೇರಿ ನೀರು ಸರಿಯಾಗಿ ಬರತೊಡಗಿದ ಮೇಲೆ ಅದೇ ಗಾತ್ರದ ರೆಸಿನ್ ವರ್ಷ ಸಮೀಪಿಸಿದರೂ ಸೊನ್ನೆ ಕೊಡುತ್ತಿದೆ. ನಿಮ್ಮ ಸಂಪ್‌ಗೆ ಯಾವ ನೀರು ಬರುತ್ತಿದೆ ಎಂದು ಕಾವಲುಗಾರರನ್ನೋ ಪ್ಲಂಬರನ್ನೋ ಕೇಳಿ ತಿಳಿದುಕೊಂಡೇ ಖರ್ಚಿನ ಲೆಕ್ಕ ಹಾಕಿ.

ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರಿನಷ್ಟು ಹೊರಗೆ ಹೋಗುತ್ತದೆ. ನೆರೆಯವರು ಟ್ಯಾಂಕರಿಗೆ ಕಾದು ನಿಂತಿದ್ದ ಬೇಸಿಗೆಯಲ್ಲಿ ಆ ನೀರು ಚರಂಡಿಗೆ ಹೋಗುವುದನ್ನು ನೋಡಲಾಗಲಿಲ್ಲ. ಅದನ್ನು ಇನ್ನೊಂದು ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸುತ್ತಿದ್ದೇವೆ. ಹಿಡಿದಿಡಲು ಜಾಗವಿಲ್ಲದವರು ಸಮುದ್ರದ ತೊಟ್ಟಿ ಇಡುವ ಮುನ್ನ ಇದನ್ನೂ ಯೋಚಿಸಬೇಕು.

ಹಳೆಯ ಬಂಡೆ, ಮರಳನ್ನೆಲ್ಲ ತೆಗೆದುಹಾಕಿದೆ. ತಾಮ್ರ ಹೀರುವ ರೆಸಿನ್ ಇಟ್ಟು, ಹೊಸ ನೀರು ತುಂಬಿಸಿ, ಹೊಸ ಬಂಡೆಗಳ ಮೇಲೆ ತೊಟ್ಟಿ ಮತ್ತೆ ಹದಕ್ಕೆ ಬರಲು ನಾಲ್ಕು ತಿಂಗಳು ಕಾದೆ. ಕಿಟ್ ಸೊನ್ನೆ ತೋರಿಸಿದ ಮೇಲೂ ಮೊದಲು ಒಂದೇ ಒಂದು ಬಸವನಹುಳು ತಂದು ಬಿಟ್ಟೆ. ಮೊದಲ ರಾತ್ರಿ ಅದು ಚಿಪ್ಪಿನಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅತ್ತೆ ಪೂಜೆ ಅರ್ಧಕ್ಕೆ ಬಿಟ್ಟು ನನ್ನನ್ನು ಕೂಗಿದರು. ಅದು ಗಾಜಿನ ಮೇಲ್ತುದಿಯವರೆಗೆ ಹತ್ತಿತ್ತು, ಹಿಂದೆ ಉದ್ದಕ್ಕೂ ಪಾಚಿ ತಿಂದ ದಾರಿ ಕಾಣುತ್ತಿತ್ತು. ಸಿಗಡಿಯನ್ನು ಇನ್ನೂ ತಂದಿಲ್ಲ.